ಕರಿಬಣ್ಣದ ಕೆಳಗೆ ನಾಲ್ಕು ಟ್ಯಾಕ್

ಸಾರಿಗೆ ಇಲಾಖೆಯ ಒಪ್ಪಿಗೆ ಇಲ್ಲದೆ ಗಾಡಿಯ ಚಾಸಿಯನ್ನು, ಅಂದರೆ ಅಡಿಯ ಉಕ್ಕಿನ ಚೌಕಟ್ಟನ್ನು, ಕತ್ತರಿಸುವಂತಿಲ್ಲ, ಅದಕ್ಕೆ ಹೊಸದೇನನ್ನೂ ಬೆಸೆಯುವಂತಿಲ್ಲ. ಇದು ಕಾನೂನು. ಗಾಡಿ ಇಟ್ಟುಕೊಂಡವರಿಗೆ ಗೊತ್ತು, ಗ್ಯಾರೇಜಿನವರಿಗೆ ಗೊತ್ತು, ಸಿಗ್ನಲ್ಲಿನಲ್ಲಿ ಕೈ ಅಡ್ಡ ಹಾಕುವವರಿಗೂ ಗೊತ್ತು. ಆದರೂ ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯ ಬದಿಯಲ್ಲಿ ಒಂದು ಗಳಿಗೆ ನಿಂತು ನೋಡಿ. ಹೊಟ್ಟೆ ಎತ್ತಿಕೊಂಡ ಫೋರ್ ವೀಲ್ ಡ್ರೈವ್ ಗಾಡಿಗಳು ಮೆರವಣಿಗೆ ಹೊರಟಿರುತ್ತವೆ. ಒಪ್ಪಿಗೆ ಪತ್ರ ಎಲ್ಲಿ ಎಂದು ಕೇಳಿದರೆ ನಗುತ್ತಾರೆ. ಕೇಳಿದವನೇ ಪೆದ್ದ.

ಸುದ್ದಗುಂಟೆಪಾಳ್ಯದ ಏಕಾಂತಯ್ಯನವರಿಗೂ ಕಾನೂನು ಗೊತ್ತಿತ್ತು.

ಅವರಿಗೆ ಐವತ್ತೆಂಟು ವರ್ಷ. ಕಡೂರು ಸೀಮೆಯ ಜಂಗಮರ ಮನೆಯಲ್ಲಿ ಹುಟ್ಟಿ, ಹದಿನೇಳಕ್ಕೆ ಕಲಾಸಿಪಾಳ್ಯದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿಗೆ ಸೇರಿ, ವೆಲ್ಡಿಂಗ್ ಕಲಿತು, ಇಪ್ಪತ್ತಾರು ವರ್ಷದಿಂದ ಒಳರಸ್ತೆಯಲ್ಲಿ ಸ್ವಂತ ಗ್ಯಾರೇಜು ಇಟ್ಟುಕೊಂಡವರು. ಒಬ್ಬರದೇ ಕೆಲಸ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮೈಗೆ ಗ್ರೀಸು ಹತ್ತಿದ ಖಾಕಿ ಅಂಗಿ. ವೆಲ್ಡಿಂಗಿಗೆ ಕೂರುವ ಮುಂಚೆ ಶಿವದಾರವನ್ನು ಸರಿಸಿ ಲಿಂಗವನ್ನು ಬೆನ್ನ ಕಡೆಗೆ ಹಾಕಿಕೊಳ್ಳುತ್ತಾರೆ. ಕಿಡಿ ಎದೆಗೆ ಹಾರಿದರೂ ಲಿಂಗಕ್ಕೆ ತಾಗಬಾರದು. ನಲವತ್ತು ವರ್ಷ ಬಿಸಿ ಕಬ್ಬಿಣ ಮುಟ್ಟಿ ಮುಟ್ಟಿ ಬೆರಳ ತುದಿಗಳಿಗೆ ಸ್ಪರ್ಶವೇ ಇಲ್ಲ. ಒಲೆಯಿಂದ ಇಳಿಸಿದ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿಡುತ್ತಾರೆ. ಹೆಂಡತಿ ಕಮಲಾದೇವಿ ಮದುವೆಯಾದ ಹೊಸತರಲ್ಲಿ ಹೆದರಿ ಕೂಗುತ್ತಿದ್ದರು, ಈಗ ಇಕ್ಕಳ ಹುಡುಕುವ ಬದಲು ಗಂಡನನ್ನೇ ಕೂಗುತ್ತಾರೆ.

ಗಿರಾಕಿಗಳಿಗೆಲ್ಲ ಅವರು ‘ಅಯ್ನೋರು.’ ಆಯುಧಪೂಜೆಯ ದಿನ ಆ ಬೀದಿಯ ಟೈರಿನ ಅಂಗಡಿ, ಬ್ಯಾಟರಿ ಅಂಗಡಿ, ಟಿಂಕರಿಂಗ್ ಶೆಡ್ಡು ಎಲ್ಲಕ್ಕೂ ಅವರೇ ಪೂಜೆ ಮಾಡಬೇಕು. ಅವರ ಗ್ಯಾರೇಜಿನಲ್ಲಿ ಒಂದು ಕಟ್ಟುನಿಟ್ಟು ಉಂಟು. ಬೆಳಿಗ್ಗೆ ಸ್ಪ್ಯಾನರು, ಸುತ್ತಿಗೆ, ಜಾಕು, ವೆಲ್ಡಿಂಗ್ ಕಡ್ಡಿ ಕಚ್ಚಿಸುವ ಹೋಲ್ಡರ್ ಎಲ್ಲವನ್ನೂ ತೊಳೆದು, ವಿಭೂತಿ ಎಳೆದು, ಕುಂಕುಮ ಇಟ್ಟು, ಸೇವಂತಿಗೆ ಏರಿಸಿದ ಮೇಲೆ, ವಿಜಯದಶಮಿಯ ಬೆಳಿಗ್ಗೆ ಮತ್ತೆ ಆರತಿ ಮಾಡುವ ತನಕ ಒಂದನ್ನೂ ಎತ್ತುವಂತಿಲ್ಲ. ಒಮ್ಮೆ ಬಾಗಿಲಲ್ಲೇ ಆಟೋ ಪಂಚರಾಗಿ ನಿಂತಾಗಲೂ ಎತ್ತಿರಲಿಲ್ಲ. ‘ಆಯುಧಕ್ಕೂ ಒಂದಿನ ರಜಾ ಬೇಡ್ವೇನಪ್ಪ’ ಎಂದು ಆಟೋದವನನ್ನು ಪಕ್ಕದ ಬೀದಿಗೆ ತಳ್ಳಿಸಿದ್ದರು. ಬೀದಿಯವರು ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಅವರಿಗೂ ಒಳಗೊಳಗೆ ಹೆಮ್ಮೆಯೇ.

ಹೋದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಹುಳಿಮಾವಿನ ರಘು ತನ್ನ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ತಂದು ನಿಲ್ಲಿಸಿದ. ಹುಳಿಮಾವು ಹಳ್ಳಿಯಾಗಿದ್ದಾಗ ಅವನ ತಂದೆ ಚಿಕ್ಕಬೈರಪ್ಪನವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಬಾಡಿಗೆ ಮನೆಗಳ ನಾಲ್ಕು ಕಟ್ಟಡ ನಿಂತಿವೆ. ರಘುವಿಗೆ ಮೂವತ್ತನಾಲ್ಕು ವರ್ಷ. ಕೆಟ್ಟವನಲ್ಲ. ಭಾನುವಾರ ಗೆಳೆಯರ ಜತೆ ಬಂಡೆ ಹತ್ತಿಸುವುದು, ಅದನ್ನು ಫೋನಿನಲ್ಲಿ ಹಾಕುವುದು, ಇದೇ ಗೀಳು.

“ಅಯ್ನೋರೇ, ಮುಂದೆ ಕಮಾನು ಪಟ್ಟಿ ಕಿತ್ ಬಿಸಾಕಿ. ಕಾಯಿಲ್ ಓವರ್ ಹಾಕಣ. ಸಾಮಾನೆಲ್ಲ ತರ್ಸಿದೀನಿ, ಡಬ್ಬದಲ್ಲಿದೆ ನೋಡಿ. ಬಂಡೆ ಮೇಲೆ ಹತ್ಸಿದ್ರೆ ಚಕ್ರ ನೆಲ ಬಿಡಬಾರ್ದು, ಸಖತ್ತಾಗಿ ಕೂರ್ಬೇಕು.”

“ಆರ್‌ಟಿಓದು ಒಪ್ಗೆ ಇದ್ಯೇನಪ್ಪ?”

“ಅಯ್ಯೋ, ಗಾಡಿ ಕೆಳಗೆ ಯಾರ್ ಬಗ್ಗಿ ನೋಡ್ತಾರೆ ಅಯ್ನೋರೇ!”

ಏಕಾಂತಯ್ಯನವರು ನಕ್ಕರು. ಆ ನಗುವೇ ಅವರ ಸಹಿ.

ಕೆಲಸ ಸಣ್ಣದಲ್ಲ. ಆ ಪಿಕಪ್ಪಿನ ಮುಂಭಾಗ ಹುಟ್ಟಿನಿಂದ ಕೂತದ್ದು ಕಮಾನು ಪಟ್ಟಿಗಳ ಮೇಲೆ, ಅಂದರೆ ಒಂದರ ಮೇಲೊಂದು ಬಿಗಿದ ಉಕ್ಕಿನ ಎಲೆಗಳ ಮೇಲೆ. ಗಾಡಿಯ ಭಾರ ಹೊರುವುದೂ ಅದೇ, ಎರಡು ಚಕ್ರ ಕೂಡಿಸುವ ಆಕ್ಸಲನ್ನು ಅದರ ಜಾಗದಲ್ಲಿ ಹಿಡಿಯುವುದೂ ಅದೇ. ಪಕ್ಕದಲ್ಲಿರುವ ಶಾಕ್ ಅಬ್ಸಾರ್ಬರಿಗೆ ಭಾರದ ಗೊಡವೆ ಇಲ್ಲ, ಕುಲುಕಾಟ ತಡೆದರೆ ಮುಗಿಯಿತು. ಕಾಯಿಲ್ ಓವರ್ ಅಂದರೆ ಶಾಕಿನ ಮೈಗೇ ದಪ್ಪ ಸ್ಪ್ರಿಂಗ್ ಸುತ್ತಿಕೊಂಡಿರುತ್ತದೆ. ಪಟ್ಟಿ ಕಿತ್ತು ಇದನ್ನು ಕೂರಿಸಿದರೆ, ಮುಂಭಾಗದ ಅಷ್ಟೂ ಭಾರ ಆ ಶಾಕಿನ ತಲೆ ಕಚ್ಚಿಕೊಂಡ ಜಾಗಕ್ಕೆ ಬಂದು ಕೂರುತ್ತದೆ. ಆ ಜಾಗಕ್ಕೆ ಟವರ್ ಎನ್ನುತ್ತಾರೆ. ದಪ್ಪ ತಗಡಿನಲ್ಲಿ ಕಟ್ಟಿ, ಚಾಸಿಯ ಎಡಕ್ಕೊಂದು ಬಲಕ್ಕೊಂದು ಬೆಸೆಯಬೇಕು. ಟವರ್ ನಿಂತರೆ ಗಾಡಿ ನಿಂತಿತು. ಟವರ್ ಹೋದರೆ ಚಕ್ರ ಗಾಡಿಯ ಮೈಯೊಳಗೆ ಹೋಯಿತು.

ಏಕಾಂತಯ್ಯನವರು ಆರು ವಾರ ಮೈಮರೆತು ಕೆಲಸ ಮಾಡಿದರು. ಆಕ್ಸಲ್ ಹಿಡಿಯಲು ಎರಡು ತೋಳು, ಅತ್ತಿತ್ತ ಸರಿಯದಂತೆ ಒಂದು ಅಡ್ಡಸರಳು, ಉದ್ದನೆಯ ಬ್ರೇಕ್ ಪೈಪು, ಸ್ಪ್ರಿಂಗ್ ಪೂರ್ತಿ ಕುಸಿದರೆ ತಡೆಯಲು ರಬ್ಬರು. ಬಲಗಡೆಯ ಟವರನ್ನು ಇಷ್ಟಿಷ್ಟೇ ಬೆಸೆದು, ತಣಿಸಿ, ಮತ್ತೆ ಬೆಸೆದು ಮುಗಿಸಿದರು. ಒಂದು ಗುಳ್ಳೆ ಇಲ್ಲ, ಒಂದು ಬಿರುಕಿಲ್ಲ.

ಎಡಗಡೆಯದಕ್ಕೆ ಬರೀ ಟ್ಯಾಕ್ ಹೊಡೆದಿದ್ದರು. ದರ್ಜಿ ಅಳತೆ ನೋಡಲು ಕಚ್ಚಾ ಹೊಲಿಗೆ ಹಾಕುತ್ತಾನಲ್ಲ, ಹಾಗೆ. ನಾಲ್ಕು ಮೂಲೆಗೆ ಕಡಲೆಕಾಳಿನ ಗಾತ್ರದ ನಾಲ್ಕು ಚುಕ್ಕೆ. ಆಮೇಲೆ ಗಾಡಿಯನ್ನು ಮೆಲ್ಲಗೆ ಚಕ್ರದ ಮೇಲೆ ಇಳಿಸಿ, ಮಟ್ಟ ಸರಿಯಿದ್ದರೆ ಪೂರ್ತಿ ಬೆಸೆಯುವುದು, ಇಲ್ಲದಿದ್ದರೆ ಚುಕ್ಕೆ ಕೊರೆದು ಸರಿಸುವುದು. ಇಳಿಸಿ ಅಳೆದರು. ಎಡಗಡೆ ಒಂದು ಬೆರಳು ತಗ್ಗಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಅದು ಆಯುಧಪೂಜೆಯ ಹಿಂದಿನ ಮಧ್ಯಾಹ್ನ. ಕರೆಂಟ್ ಬರುವ ಹೊತ್ತಿಗೆ ಗ್ಯಾರೇಜು ತೊಳೆಯುವ ಹೊತ್ತಾಗಿತ್ತು. ಹಬ್ಬ ಕಳೆಯಲಿ ಎಂದುಕೊಂಡು ಹೋಲ್ಡರನ್ನು ಸೀಮೆಎಣ್ಣೆಯಲ್ಲಿ ಒರೆಸಿ ಇಟ್ಟರು.

ಮರುದಿನ ಬೆಳಿಗ್ಗೆ ಪೂಜೆ ಮುಗಿದು, ಬಾಗಿಲಲ್ಲಿ ಬೂದುಗುಂಬಳ ಒಡೆದು, ಅವರು ಕೈ ತೊಳೆಯುತ್ತಿದ್ದಾಗ ರಘು ಬಂದ. ಕೈಯಲ್ಲಿ ಎರಡು ಬಾಳೆಕಂದು, ಒಂದು ಮಾರು ಹಾರ.

“ಗಾಡಿ ಕೊಡಿ ಅಯ್ನೋರೇ.”

“ಇನ್ನೂ ಆಗಿಲ್ವಲ್ಲಪ್ಪ. ಎಡಗಡೆ ಟ್ಯಾಕ್ ಮೇಲೆ ನಿಂತೈತೆ. ನಾಳೆ ಸಂಜೆ ತಗೊಂಡ್ಹೋಗು.”

“ನಾಳೆ ಯಾಕೆ? ಪೂಜೆ ಇವತ್ತಲ್ವಾ? ನಮ್ಮಪ್ಪ ಎಲ್ಲಾ ಗಾಡೀನೂ ಸಾಲಾಗ್ ನಿಲ್ಸಿ ಕಾಯ್ತಾ ಕೂತಿದೆ. ‘ನಿನ್ನ ಕೋತಿ ಗಾಡಿ ಎಲ್ಲೋ’ ಅಂತ ಬೆಳಗ್ಗಿಂದ ಮೂರ್ ಸಲ ಬೈದಿದೆ.”

“ಬೈಸ್ಕೋ. ಮುರ್ಕೊಂಡ್ ಬಿದ್ರೆ?”

“ಹಂಗಾದ್ರೆ ಈಗ್ಲೇ ವೆಲ್ಡಿಂಗ್ ಮಾಡ್ಬಿಡಿ, ಒಂದ್ ಗಂಟೆ ಕಾಯ್ತೀನಿ.”

ಏಕಾಂತಯ್ಯನವರು ಹೋಲ್ಡರಿನ ಕಡೆ ನೋಡಿದರು. ಹಿಡಿಯ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಹಳದಿ ಸೇವಂತಿಗೆ.

“ಇವತ್ತು ಎತ್ತಲ್ಲ. ನಿಂಗೊತ್ತಲ್ಲ.”

“ಗೊತ್ತು ಅಯ್ನೋರೇ, ಅದಕ್ಕೇ ಹೇಳ್ತಿರೋದು, ಎತ್ಬೇಡಿ, ಹಂಗೇ ಕೊಡಿ. ಮನೆ ಮುಂದೆ ನಿಲ್ಸೋದು, ಊರಮ್ಮನ ಗುಡಿಗೆ ಒಂದ್ ಸುತ್ತು, ವಾಪಸ್ಸು. ಒಂದಿನ. ಒಂದೇ ಒಂದಿನ.”

ಇಲ್ಲ ಎನ್ನಬಹುದಿತ್ತು. ಹೋಲ್ಡರ್ ಎತ್ತಬಹುದಿತ್ತು. ಎರಡರಲ್ಲಿ ಒಂದು ಮಾಡಿದ್ದರೆ ಈ ಕತೆ ಇಲ್ಲ. ಅವರು ಮೂರನೆಯದು ಮಾಡಿದರು. “ಇಪ್ಪತ್ತರ ಮೇಲೆ ಹೋಗಬೇಡ. ಹಂಪ್ ಬಂದ್ರೆ ತೆವಳ್ಸು. ಬೇರೆಯವ್ರ ಕೈಗೆ ಕೊಡಬೇಡ” ಎಂದರು.

ರಘು ಬಾನೆಟ್ಟಿಗೆ ಹಾರ ಕಟ್ಟುತ್ತಾ ಬಗ್ಗಿ ಚಕ್ರದ ಸಂದಿಯಲ್ಲಿ ನೋಡಿದ. “ಬಲಗಡೆ ಕರ್ರಗೆ ಮಿಂಚ್ತೈತೆ, ಎಡಗಡೆ ಬೋಳು ಕಬ್ಬಿಣ. ಫೋಟೋದಲ್ಲಿ ಅಸಹ್ಯ ಕಾಣುತ್ತೆ ಅಯ್ನೋರೇ.”

ಕಪಾಟಿನ ಮೇಲೆ ಕರಿಬಣ್ಣದ ಸ್ಪ್ರೇ ಡಬ್ಬಿ ಇತ್ತು. ಅದು ಆಯುಧವಲ್ಲ, ಅದಕ್ಕೆ ಯಾರೂ ಕುಂಕುಮ ಇಟ್ಟಿರಲಿಲ್ಲ. ಏಕಾಂತಯ್ಯನವರು ಅದನ್ನು ಎತ್ತಿ, ಕುಲುಕಿ, ಎಡಗಡೆಯ ಟವರಿಗೆ ಎರಡು ಕೈ ಹೊಡೆದರು. ನಾಲ್ಕು ಚುಕ್ಕೆ ಮಾಯವಾದವು. ಈಗ ಎಡಕ್ಕೂ ಬಲಕ್ಕೂ ವ್ಯತ್ಯಾಸ ಹೇಳಬಲ್ಲವರು ಭೂಮಿಯ ಮೇಲೆ ಇಬ್ಬರೇ. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, ಕರ್ಪೂರ ಬೆಳಗಿ, ಅವರೇ ಕೈ ಬೀಸಿ ಕಳಿಸಿದರು. ನಿಂಬೆಹಣ್ಣು ಪಚಕ್ಕೆಂದಿತು.

ಸಂಜೆ ನಾಲ್ಕೂವರೆಗೆ ಅವರು ಬೀದಿಯ ಅಂಗಡಿಗಳಿಗೆ ಕಡಲೆಪುರಿ ಹಂಚುತ್ತಿದ್ದಾಗ ರಘುವಿನ ಫೋನ್ ಬಂತು.

“ಅಯ್ನೋರೇ, ಎಡಗಡೆ ಚಕ್ರ ಒಳಗ್ ಹೋಗ್ಬಿಟ್ಟಿದೆ. ಜೆಪಿ ನಗರ. ಫುಟ್‌ಪಾತಲ್ಲಿ ಒಂದು ಹೆಂಗಸು.”

“ನೀನ್ ಓಡಿಸ್ತಿದ್ಯಾ?”

“ಇಲ್ಲ. ಭೀಮಪ್ಪ.”

ಫೋನ್ ಇಟ್ಟ ಮೇಲೆ ಏಕಾಂತಯ್ಯನವರು ಪುರಿಯ ಚೀಲ ಹಿಡಿದು ಮುಂದಿನ ಅಂಗಡಿಗೆ ಹೋದರು. ಆಮೇಲೆ ಅದರ ಮುಂದಿನದಕ್ಕೆ. ಇನ್ನೂ ಐದು ಅಂಗಡಿ ಉಳಿದಿದ್ದವು. ಐದಕ್ಕೂ ಹಂಚಿ, ಚೀಲ ಕೊಡವಿ, ಮಡಚಿ, ಮನೆಗೆ ಬಂದರು. ಏನೂ ಅನ್ನಿಸುತ್ತಿರಲಿಲ್ಲ. ಬೆರಳ ತುದಿಯ ಜಡ್ಡು ಮೈಗೆಲ್ಲ ಹಬ್ಬಿದಂತಿತ್ತು.

ನಡೆದದ್ದು ಇಷ್ಟು. ಹುಳಿಮಾವಿನಲ್ಲಿ ಪೂಜೆ ಮುಗಿದ ಮೇಲೆ ರಘು ಡ್ರೈವರ್ ಭೀಮಪ್ಪನಿಗೆ ಕೀಲಿ ಕೊಟ್ಟು, ತ್ಯಾಗರಾಜನಗರದ ಅತ್ತೆಯ ಮನೆಗೆ ಹಬ್ಬದ ಬುಟ್ಟಿ ಇಳಿಸಿ, ಗಾಡಿಯನ್ನು ಅಯ್ನೋರ ಗ್ಯಾರೇಜಿಗೆ ಬಿಟ್ಟು ಬಾ ಎಂದಿದ್ದ. ಟ್ಯಾಕಿನ ವಿಷಯ ಹೇಳಲಿಲ್ಲ. ಮರೆತ. ಮರೆವು ಎಂಬುದು ಇಂಥ ಜಾಗದಲ್ಲೇ ಯಾಕೆ ಬರುತ್ತದೋ, ನೀವೇ ಹೇಳಿ. ಜೆಪಿ ನಗರದ ಒಂದು ಹಂಪಿನಲ್ಲಿ ಎಡಗಡೆಯ ಟವರ್ ಕಿತ್ತು ಬಂತು. ಚಕ್ರ ಮೈಯೊಳಗೆ ಸಿಕ್ಕಿಕೊಂಡು ಗಾಡಿ ಎಡಕ್ಕೆ ಎಳೆಯಿತು. ಫುಟ್‌ಪಾತಿನಲ್ಲಿ ಬೂದುಗುಂಬಳದ ರಾಶಿ ಇಟ್ಟುಕೊಂಡು ಕೂತಿದ್ದ ಮಂಗಮ್ಮನ ಬಲಗಾಲನ್ನು ಮರುದಿನ ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ತೆಗೆದರು.

ಭೀಮಪ್ಪ ಬಾದಾಮಿ ಕಡೆಯವನು, ನಲವತ್ತರ ಆಸುಪಾಸು. ಎಂಟು ವರ್ಷದಿಂದ ಚಿಕ್ಕಬೈರಪ್ಪನವರ ಮನೆಯ ಗಾಡಿ ಓಡಿಸುತ್ತಿದ್ದ. ಒಂದು ಗೀರು ಬಿದ್ದದ್ದಿಲ್ಲ. ಪೊಲೀಸರು ಊದಿಸಿ ನೋಡಿದರು, ಕುಡಿದಿರಲಿಲ್ಲ. ಆದರೂ ಬೀದಿಯಲ್ಲಿ ಮಾತು ಹುಟ್ಟಿತು: “ಹಬ್ಬ ಅಲ್ವಾ ಗುರು, ಹಾಕಿರ್ತಾನೆ.” “ಓವರ್ ಸ್ಪೀಡು ಕಣೋ.” ಅತಿವೇಗ, ಅಜಾಗರೂಕತೆ ಎಂದು ಕೇಸಾಯಿತು. ಠಾಣೆಯಲ್ಲೇ ಜಾಮೀನು ಸಿಕ್ಕಿತು. ಗುರುವಾರ ಮೋಟಾರು ವಾಹನ ನಿರೀಕ್ಷಕರು ಬಂದು ಗಾಡಿ ನೋಡುವುದೆಂದು ಗೊತ್ತಾಯಿತು.

ಸೋಮವಾರ ಭೀಮಪ್ಪ ಗ್ಯಾರೇಜಿಗೆ ಬಂದ. ಬಾಗಿಲಲ್ಲೇ ನಿಂತ.

“ಅಯ್ಯಾರ, ಒಂದ್ ಮಾತ್ ಕೇಳ್ತೀನ್ರಿ. ನಾ ಜೋರ ಇರಲಿಲ್ರಿ. ಹಂಪ್ ಕಂಡ್ ಕೂಡ್ಲೆ ಬ್ರೇಕ್ ಹಿಡ್ದೀನಿ. ಗಾಡಿ ಎಡಕ್ಕ ಎಳೀತು. ಬಲಕ್ಕ ತಿರುವೀನಿ, ತಿರುಗಲಿಲ್ಲ. ಅಲ್ಲಾ, ತಿರುವೀನೋ ಇಲ್ಲೋ ಅಂತ ಈಗ ನನಗ ಡೌಟ್ ಬರಾಕತ್ತೇತ್ರಿ. ಎಲ್ಲಾರೂ ನಿಂದ ತಪ್ಪು, ನಿಂದ ತಪ್ಪು ಅಂತಾರ. ನನ್ನ ಕೈ ತಪ್ಪೇತೇನ್ರಿ? ನೀವ್ ಗಾಡಿ ಬಲ್ಲವ್ರು. ನೀವ್ ಹೇಳ್ರಿ.”

ಏಕಾಂತಯ್ಯನವರು ಅವನ ಕೈ ನೋಡಿದರು. ಆ ಕೈಗಳು ಇಲ್ಲದ ಸ್ಟಿಯರಿಂಗನ್ನು ಹಿಡಿದು ಬಲಕ್ಕೆ ತಿರುಗಿಸುತ್ತಿದ್ದವು. ಭೀಮಪ್ಪನಿಗೆ ಅದು ಗೊತ್ತೇ ಇರಲಿಲ್ಲ.

“ಗೊತ್ತಿಲ್ಲಪ್ಪ” ಎಂದರು.

“ಹಂಗಾರ ನಂದ ಇರಬೇಕ್ರಿ” ಎಂದ ಭೀಮಪ್ಪ. ಕೈ ಮುಗಿದು ಹೋದ.

ಮಂಗಳವಾರ ರಘು ಬಂದ. ಮುಖ ಬಾಡಿತ್ತು, ಮಾತು ಮಾತ್ರ ಸಿದ್ಧವಾಗಿತ್ತು.

“ಗುರುವಾರ ಇನ್‌ಸ್ಪೆಕ್ಟರ್ ಬರ್ತಾರೆ ಅಯ್ನೋರೇ. ಅವ್ರು ನೋಡೋದು ಬ್ರೇಕು, ಸ್ಟಿಯರಿಂಗು. ಎರಡೂ ಚೆನ್ನಾಗೈತೆ. ಗಾಡಿ ಠಾಣೆ ಪಕ್ಕ ಖಾಲಿ ಸೈಟಲ್ಲಿದೆ, ಕಾಯೋರಿಗೆ ಹೇಳಿದೀನಿ, ಏನೂ ಅನ್ನಲ್ಲ. ನಾಳೆ ನೀವು ಸಣ್ಣ ಮಿಷಿನ್ ತಗೊಂಡ್ ಬನ್ನಿ. ಟವರ್ ಎತ್ತಿ ಇದ್ ಜಾಗಕ್ಕೆ ಕೂರ್ಸಿ, ಸುತ್ತ ಬೆಸೆದು, ಕಪ್ಪು ಹೊಡೀರಿ. ಅರ್ಧ ಗಂಟೆ ಕೆಲ್ಸ.”

“ಭೀಮಪ್ಪ?”

“ದಂಡ ಕಟ್ತಾನೆ, ಅಷ್ಟೇ. ಅವ್ನನ್ನ ನಾನ್ ನೋಡ್ಕೋತೀನಿ. ಎಂಟು ವರ್ಷದಿಂದ ನಮ್ಮನೇಲಿ ಉಂಡವ್ನು, ಬಿಡ್ತೀನಾ? ನಿಮ್ಮ ಹೆಸರೂ ಹೊರಗ್ ಬರಲ್ಲ. ಯೋಚ್ನೆ ಮಾಡಿ, ಇಪ್ಪತ್ತಾರು ವರ್ಷದ ಹೆಸರು.”

ಏಕಾಂತಯ್ಯನವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ರಘು ಅದನ್ನು ಹೂಂ ಎಂದುಕೊಂಡು ಹೋದ. ಅವನ ತಪ್ಪೇನೂ ಇಲ್ಲ, ನಮ್ಮಲ್ಲಿ ಸುಮ್ಮನಿರುವುದಕ್ಕೆ ಇರುವುದು ಅದೊಂದೇ ಅರ್ಥ.

ಬುಧವಾರ ಬೆಳಿಗ್ಗೆ ಎಂದಿನಂತೆ ಸ್ನಾನ, ಎಂದಿನಂತೆ ಅಂಗೈಯಲ್ಲಿ ಲಿಂಗ. ಹಬ್ಬದಿಂದೀಚೆಗೆ ಪೂಜೆ ನಡೆಯುತ್ತಿತ್ತು, ಆದರೆ ಮಾಡುತ್ತಿರುವವರು ಯಾರೋ ಎಂಬಂತೆ. ತಿಂಡಿಗೆ ಕೂತಾಗ ಕಮಲಾದೇವಿ ಬಾಗಿಲ ಬಳಿ ಇಟ್ಟಿದ್ದ ಸಣ್ಣ ವೆಲ್ಡಿಂಗ್ ಮಿಷಿನ್ ನೋಡಿದರು.

“ಎಲ್ಲಿಗ್ರೀ ಹೊತ್ಕೊಂಡ್ ಹೋಗ್ತಿರೋದು?”

“ಸ್ವಲ್ಪ ಕೆಲ್ಸ ಉಳ್ದಿತ್ತು.”

“ಹಬ್ಬದ ದಿನದ್ದಾ?”

ಅವರು ಉಪ್ಪಿಟ್ಟು ತಿನ್ನುತ್ತಿದ್ದರು. ಕಮಲಾದೇವಿ ನೀರಿನ ಲೋಟ ಇಟ್ಟರು. “ಉಪ್ಪಿಟ್ಟಿಗೆ ಉಪ್ಪೇ ಹಾಕಿಲ್ಲ ಇವತ್ತು. ನಾಲ್ಕು ದಿನದಿಂದ ಸಾರಿಗೂ ಹಾಕಿಲ್ಲ. ನೀವು ಒಂದಿನ ಕೇಳ್ಲಿಲ್ಲ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ತಟ್ಟೆಯ ಪಕ್ಕಕ್ಕೆ ಉಪ್ಪಿನ ಡಬ್ಬಿ ಸರಿಸಿ ಒಳಗೆ ಹೋದರು.

ಖಾಲಿ ಸೈಟಿನಲ್ಲಿ ಪಿಕಪ್ ಎಡಕ್ಕೆ ಕುಸಿದು, ಮೊಣಕಾಲೂರಿದ ಎಮ್ಮೆಯಂತೆ ನಿಂತಿತ್ತು. ಬಾನೆಟ್ಟಿನ ಹಾರ ಒಣಗಿ ಸುತ್ತಿಕೊಂಡಿತ್ತು. ಬಾಳೆಕಂದು ಇನ್ನೂ ಕಟ್ಟಿದಂತೇ ಇತ್ತು. ರಘು ಪಕ್ಕದ ಟೀ ಅಂಗಡಿಯಿಂದ ಕರೆಂಟಿನ ವೈರು ಎಳೆಸಿಟ್ಟು ಮರೆಗೆ ಹೋಗಿದ್ದ. ಏಕಾಂತಯ್ಯನವರು ಜಾಕು ಕೊಟ್ಟು ಗಾಡಿ ಎತ್ತಿದರು. ಚಕ್ರ ಬಿಚ್ಚಿದರು. ಶಿವದಾರ ಸರಿಸಿ ಲಿಂಗವನ್ನು ಬೆನ್ನಿಗೆ ಹಾಕಿಕೊಂಡರು. ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು. ಆ ಕೈಗಳಿಗೆ ಒಂದೇ ಒಂದು ನಿಯಮ ಚೆನ್ನಾಗಿ ಗೊತ್ತಿತ್ತು: ಬಣ್ಣದ ಮೇಲೆ ಬೆಸುಗೆ ಹಿಡಿಯುವುದಿಲ್ಲ. ಮೊದಲು ಬಣ್ಣ ಕೆರೆಯಬೇಕು.

ತಂತಿ ಬ್ರಷ್ ತೆಗೆದು ಉಜ್ಜಿದರು. ಕರಿಬಣ್ಣ ಪುಡಿಯಾಗಿ ಉದುರಿತು. ಮೊದಲನೆಯ ಚುಕ್ಕೆ ಬಂತು, ಹರಿದಿತ್ತು, ಒಳಗೆ ಬೂದು ಬಣ್ಣದ ಹೊಸ ಕಬ್ಬಿಣ. ಎರಡನೆಯದು ಹರಿದಿತ್ತು. ಮೂರನೆಯದೂ. ನಾಲ್ಕನೆಯ ಚುಕ್ಕೆ ಹರಿದಿರಲಿಲ್ಲ, ಚಾಸಿಯನ್ನು ಹಿಡಿದೇ ಇರಲಿಲ್ಲ. ಟವರಿನ ಅಂಚಿಗೆ ಮಾತ್ರ ಅಂಟಿ, ಚಾಸಿಯ ಮೇಲೆ ಸುಮ್ಮನೆ ಕೂತಿತ್ತು. ಕರೆಂಟ್ ಹೋಗುವ ಮುಂಚೆ ಗಡಿಬಿಡಿಯಲ್ಲಿ ಹೊಡೆದದ್ದು ಅದೇ.

ಅವರು ಅದನ್ನು ಹೆಬ್ಬೆರಳಿನಿಂದ ಒತ್ತಿದರು. ಅಂಚು ಚೂಪಾಗಿತ್ತು. ಹೆಬ್ಬೆರಳಿನಿಂದ ರಕ್ತ ಬಂತು. ನೋವಾಗಲಿಲ್ಲ. ಕಣ್ಣಿಗೆ ಕಂಡಿತು, ಅಷ್ಟೇ. ಆಮೇಲೆ ಎದ್ದು ವೈರು ಕಿತ್ತರು. ಫೋನ್ ತೆಗೆದರು.

“ಭೀಮಪ್ಪ, ಠಾಣೆ ಪಕ್ಕದ ಸೈಟಿಗೆ ಬಾ.”

ಭೀಮಪ್ಪ ಅರ್ಧ ಗಂಟೆಯಲ್ಲಿ ಬಂದ. ಏಕಾಂತಯ್ಯನವರು ಅವನನ್ನು ಚಕ್ರದ ಸಂದಿಯಲ್ಲಿ ಮಲಗಿಸಿ ಟಾರ್ಚು ಹಿಡಿದರು.

“ಇಲ್ನೋಡು. ಇದು ಬಲಗಡೆ ಇದ್ದಂಗೆ ಸುತ್ತ ಬೆಸೆದಿರ್ಬೇಕಿತ್ತು. ನಾನು ಬೆಸೆದಿರ್ಲಿಲ್ಲ. ಬಣ್ಣ ಹೊಡ್ದು ಕಳಿಸ್ದೆ. ನೀನು ಎಷ್ಟೇ ತಿರುಗ್ಸಿದ್ರೂ ತಿರುಗ್ತಿರ್ಲಿಲ್ಲ.”

ಭೀಮಪ್ಪ ಒಂದೊಂದಾಗಿ ನಾಲ್ಕೂ ಚುಕ್ಕೆಗಳನ್ನು ಮುಟ್ಟಿದ. ಹೊರಗೆ ಬಂದು ಮೈಯ ಮಣ್ಣು ಕೊಡವಿಕೊಳ್ಳದೆ ಕೇಳಿದ.

“ಅಂದ್ರ ನಾ ತಿರುವಿದ್ದೆ?”

“ತಿರುಗ್ಸಿದ್ದೆ.”

“ಸೋಮವಾರ ಬಂದಾಗ ಯಾಕ ಹೇಳ್ಲಿಲ್ರಿ, ಅಯ್ಯಾರ?”

ಏಕಾಂತಯ್ಯನವರು ಟಾರ್ಚು ಆರಿಸಿದರು.

ಅಷ್ಟರಲ್ಲಿ ರಘು ಟೀ ಅಂಗಡಿಯಿಂದ ಓಡಿ ಬಂದ. ಉಜ್ಜಿದ ಟವರ್ ನೋಡಿದ, ಡ್ರೈವರನ್ನು ನೋಡಿದ. “ಏನ್ ಮಾಡ್ಬಿಟ್ರಿ ಅಯ್ನೋರೇ! ಅರ್ಧ ಗಂಟೆ ಕೆಲ್ಸ! ಇಬ್ರೂ ಹಾಳಾಗ್ತೀವಲ್ಲ!” ಎಂದು ತಲೆ ಹಿಡಿದುಕೊಂಡ.

“ಮೂವರು ಅನ್ನು” ಎಂದರು ಏಕಾಂತಯ್ಯನವರು. “ಆಸ್ಪತ್ರೇಲಿ ಒಬ್ಳಿದಾಳೆ.”

ಗುರುವಾರ ನಿರೀಕ್ಷಕರು ಬಂದರು. ಬ್ರೇಕ್ ನೋಡಿದರು, ಸ್ಟಿಯರಿಂಗ್ ನೋಡಿದರು, ಚಕ್ರ ಕುಸಿದದ್ದು ಗುದ್ದಿದ ಪೆಟ್ಟಿಗೆ ಎಂದು ಬರೆದುಕೊಂಡು ಹೊರಟಿದ್ದರು. ಏಕಾಂತಯ್ಯನವರು ಅಡ್ಡ ಬಂದು, “ಸಾರ್, ಒಂದ್ ನಿಮಿಷ ಬಗ್ಗಿ” ಎಂದರು. ಅವರು ಹಿಂದೆಮುಂದೆ ನೋಡಿ, ಪ್ಯಾಂಟು ಎಳೆದುಕೊಂಡು, ಬಗ್ಗಿದರು. ಏಕಾಂತಯ್ಯನವರು ಸ್ಪ್ರೇ ಡಬ್ಬಿಯನ್ನೂ ಬಿಡದೆ ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿ, ಹೇಳಿದ್ದಕ್ಕೆ ಸಹಿ ಹಾಕಿದರು. ಎದೆ ಹಗುರಾಗಲಿಲ್ಲ. ನಿಜ ಹೇಳಿದರೆ ಹಗುರಾಗುತ್ತದೆ ಎಂದು ಹೇಳುವವರು ಹೇಳಿ ನೋಡಿದವರಲ್ಲ.

ಕೇಸು ಇನ್ನೂ ನಡೆಯುತ್ತಿದೆ. ಏಕಾಂತಯ್ಯನವರ ಹೆಸರು ಅದರಲ್ಲಿದೆ, ರಘುವಿನದೂ ಇದೆ. ಭೀಮಪ್ಪನ ಹೆಸರು ಪೂರ್ತಿ ಅಳಿಸಿಲ್ಲ, ಕಾಗದಕ್ಕೆ ಹತ್ತಿದ್ದು ಬೇಗ ಹೋಗುವುದಿಲ್ಲ. ಅವನು ಚಿಕ್ಕಬೈರಪ್ಪನವರ ಮನೆ ಬಿಟ್ಟು ಈಗ ಬನಶಂಕರಿಯಲ್ಲಿ ಶಾಲೆಯ ವ್ಯಾನ್ ಓಡಿಸುತ್ತಾನೆ. ಮತ್ತೆ ಸ್ಟಿಯರಿಂಗ್ ಮುಟ್ಟಲು ಮೂರು ತಿಂಗಳು ಹಿಡಿಯಿತು. ಬೆಳಿಗ್ಗೆ ಕೀಲಿ ತಿರುಗಿಸುವ ಮುಂಚೆ ವ್ಯಾನಿನ ಕೆಳಗೆ ಬಗ್ಗಿ ನೋಡುತ್ತಾನಂತೆ. ಶಾಲೆಯವರು ಮೊದಮೊದಲು ನಗುತ್ತಿದ್ದರು.

ಏಕಾಂತಯ್ಯನವರು ಮಂಗಮ್ಮನನ್ನು ನೋಡಲು ಒಮ್ಮೆ ಹೋಗಿದ್ದರು. ಜನರಲ್ ವಾರ್ಡು, ಕಿಟಕಿಯ ಪಕ್ಕದ ಮಂಚ. ಕೈ ಕಟ್ಟಿಕೊಂಡು ನಿಂತು, ಇಂಥವನು ನಾನು, ಹೀಗೆ ಹೀಗೆ ಮಾಡಿದೆ ಎಂದರು. ಆಕೆ ಹಣೆಯ ವಿಭೂತಿ ನೋಡಿದಳು.

“ಪೂಜೆ ಮಾಡಿದ್ ಗಾಡಿ ಅಲ್ವಾ ಅದು?”

“ಹೂಂ ತಾಯಿ.”

“ನಿಂಬೆಹಣ್ಣು ಇಕ್ಕಿದ್ರಾ?”

“ಇಟ್ಟಿದ್ದೆ.”

“ಇಕ್ಕಿರ್ತೀಯಾ.” ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. “ಬಂದೆ, ನೋಡಿದೆ. ಹೋಗ್ವಾಗ ಆ ಕಿಟಕಿ ಹಾಕ್ಬುಟ್ಟು ಹೋಗು. ಬಿಸಿಲು ಹೊಡೀತೈತೆ.”

ಅವರು ಕಿಟಕಿ ಹಾಕಿ ಬಂದರು.

ಈ ವರ್ಷದ ಆಯುಧಪೂಜೆಗೆ ಬೀದಿಯ ಅಂಗಡಿಗಳವರು ಬೇರೆ ಪುರೋಹಿತರನ್ನು ಕರೆಸಿದರು. ಏಕಾಂತಯ್ಯನವರು ತಮ್ಮ ಗ್ಯಾರೇಜಿಗೆ ತಾವೇ ಮಾಡಿಕೊಂಡರು. ಸ್ಪ್ಯಾನರು, ಸುತ್ತಿಗೆ, ಜಾಕು ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ವೆಲ್ಡಿಂಗ್ ಹೋಲ್ಡರ್ ಮಾತ್ರ ಮೂಲೆಯಲ್ಲಿ ಬರಿದಾಗಿ ನೇತಾಡುತ್ತಿತ್ತು.

“ಅದನ್ನ ಮರ್ತ್ರಿ” ಎಂದರು ಕಮಲಾದೇವಿ.

“ಮರ್ತಿಲ್ಲ. ಅದು ಹಬ್ಬದ ದಿನಾನೂ ಎತ್ತೋಕೆ ಸಿಗ್ಬೇಕು.”

ಅಷ್ಟರಲ್ಲಿ ಫೋನ್ ಬಂತು. ಜಯನಗರದ ಹೊಸ ಗಿರಾಕಿ. ಅವನ ಜೀಪು ಮೂರು ದಿನದಿಂದ ಗ್ಯಾರೇಜಿನಲ್ಲಿತ್ತು, ಮುಂಭಾಗ ಬಿಚ್ಚಿಕೊಂಡು. “ಅಂಕಲ್, ಪೂಜೆ ಇವತ್ತಲ್ವಾ, ಹೆಂಗೋ ಜೋಡ್ಸಿ ಒಂದಿನಕ್ಕೆ ಕೊಟ್ಬಿಡಿ, ನಾಳೆ ತಂದ್ ಬಿಡ್ತೀನಿ. ಬರೀ ದೇವಸ್ಥಾನಕ್ಕೆ.”

“ಇಲ್ಲ” ಎಂದು ಏಕಾಂತಯ್ಯನವರು ಫೋನ್ ಇಟ್ಟರು. ಐದು ನಿಮಿಷದಲ್ಲಿ ಮತ್ತೆ ಬಂತು. ಮತ್ತೆ ಇಲ್ಲ ಎಂದರು. ಮೂರನೆಯ ಸಲ ಆ ಗಿರಾಕಿ ಬೈದು, ಬೇರೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗುತ್ತೇನೆ ಎಂದ. ಎಳೆಸಿಕೊಂಡು ಹೋದ. ಅಲ್ಲಿ ಯಾರೋ ಹೆಂಗೋ ಜೋಡಿಸಿ ಕೊಟ್ಟಿರುತ್ತಾರೆ. ಕಪ್ಪು ಬಣ್ಣವನ್ನೂ ಹೊಡೆದಿರುತ್ತಾರೆ.

ಆ ಫೋನ್ ಮಾಡಿದವರು ನೀವಾಗಿರಬಹುದು. ಹೆಸರು ಬೇಡ, ನೆಪ ಬೇಡ. ಈ ಪುಟ ಮಡಚಿಟ್ಟು ಕೆಳಗಿಳಿಯಿರಿ. ಟಾರ್ಚು ಹಿಡಿದು ನಿಮ್ಮ ಗಾಡಿಯ ಕೆಳಗೆ ಬಗ್ಗಿ, ಆ ಬಣ್ಣ ಕೆರೆದು ನೋಡಿ. ಬೆಸುಗೆ ಪೂರ್ತಿ ಇಲ್ಲದಿದ್ದರೆ ಗಾಡಿ ಅಲ್ಲೇ ನಿಲ್ಲಲಿ. ಒಪ್ಪಿಗೆ ಪತ್ರ ಇಲ್ಲದಿದ್ದರೂ ಅಲ್ಲೇ ನಿಲ್ಲಲಿ. ಆಮೇಲೆ, ಅದನ್ನು ಓಡಿಸುವವನನ್ನು ಕರೆದು, ನಿಮಗೆ ಗೊತ್ತಿದ್ದೂ ನೀವು ಅವನಿಗೆ ಹೇಳದೆ ಉಳಿಸಿಕೊಂಡದ್ದನ್ನು ಇವತ್ತೇ ಹೇಳಿ.